ಹೊಳೆವ್ವನ ಕೈ ಇಳಿಸಿದ ಹತ್ತು ದಿನ

ನಮ್ಮೂರಲ್ಲಿ ಅರ್ಧ ತಾಸಿಗೊಮ್ಮೆ ಕಟ್ಟೆಯ ಗಂಟೆ ಹೊಡೆಯುತ್ತಾರೆ. ಹೊಡೆದ ಕೂಡಲೇ ಕೂತವರು ಏಳುತ್ತಾರೆ, ನಿಂತವರು ಒಮ್ಮೆ ಕೂತು ಏಳುತ್ತಾರೆ, ಬರೆಯುವವರು ಪೆನ್ನು ಕೆಳಗಿಟ್ಟು ಬೆರಳು ಮಡಚಿ ಬಿಡಿಸುತ್ತಾರೆ. ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡ ಹೆರೆಸಿಕೊಂಡವನೂ ಎದ್ದು ಕತ್ತು ತಿರುಗಿಸಿ ಮತ್ತೆ ಕೂರುತ್ತಾನೆ. ಅಕ್ಷತೆ ಬೀಳುವ ಹೊತ್ತಿಗೆ ಸರಿಯಾಗಿ ಗಂಟೆಯಾದರೆ ಮದುಮಕ್ಕಳು ಹೆಗಲು ಕುಣಿಸುತ್ತಾರೆ, ಮಂತ್ರ ಹೇಳುವವರೂ ಕುಣಿಸುತ್ತಾರೆ, ಯಾರೂ ನಗುವುದಿಲ್ಲ. ಎರಡು ಸಲ ಗಂಟೆ ತಪ್ಪಿಸಿ ಒಂದೇ ಭಂಗಿಯಲ್ಲಿ ಇದ್ದುಬಿಟ್ಟರೆ ಮೈ ಕಟ್ಟುತ್ತದೆ, ಬೆಲ್ಲದ ಪಾಕ ಕಟ್ಟಿದ ಹಾಗೆ. ನಿದ್ದೆಯಲ್ಲಿ ಮೈ ತಾನೇ ಹೊರಳುವುದರಿಂದ ಅಷ್ಟು ಭಯವಿಲ್ಲ. ಹೊರಳದೆ ಮಲಗುವವರನ್ನು ಮನೆಯವರು ಹೊರಳಿಸುತ್ತಾರೆ. ನಮ್ಮಲ್ಲಿ ಒಂಟಿಯಾಗಿ ಮಲಗುವವರು ಕಡಿಮೆ.

ಕಟ್ಟಿದ ಮೈಯನ್ನು ಮತ್ತೆ ಹದಕ್ಕೆ ತರುವುದು ನನ್ನ ಕೆಲಸ. ಹದಗಾರ್ತಿ ಅಂಬವ್ವ ಎಂದರೆ ಯಾರಾದರೂ ಮನೆ ತೋರಿಸುತ್ತಾರೆ. ಇದು ನನ್ನ ಅತ್ತೆಯಿಂದ ಬಂದ ಕಸುಬು. ದಿನವೂ ಬರುವವರ ತೊಂದರೆ ಸಣ್ಣದು: ಇಸ್ಪೀಟು ಹಿಡಿದು ಮೈಮರೆತವರ ಬೆರಳು, ಕಾದಂಬರಿ ಓದುತ್ತ ಕೂತ ಹುಡುಗಿಯರ ಕತ್ತು, ಕಿಟಕಿಗೆ ಆತು ನಿಂತು ಪಕ್ಕದ ಮನೆಯ ಜಗಳ ಕೇಳಿದವರ ನಡು. ಒಂದು ಮಧ್ಯಾಹ್ನ ಸಾಕು. ಬಿಸಿ ಉಪ್ಪಿನ ಗಂಟು ಒತ್ತಿ, ಎಣ್ಣೆ ತಿಕ್ಕಿ, ಸ್ವಲ್ಪ ಎಳೆದು, ಬಿಟ್ಟು, ಮತ್ತೆ ಎಳೆದರೆ ಒಂದೊಂದು ಸಲಕ್ಕೂ ಒಂದಿಷ್ಟು ಹಗುರಾಗಿ ಬರುತ್ತದೆ. ಹನ್ನೊಂದು ದಿನದೊಳಗೆ ಬಿಡಿಸದಿದ್ದರೆ ಮಾತ್ರ ಕಟ್ಟಿದ್ದು ಕಟ್ಟಿದ ಹಾಗೇ ಉಳಿಯುತ್ತದೆ. ನಮ್ಮ ಹಳೆಯ ಪೋಸ್ಟ್ ಮಾಸ್ತರರು ಹಾಗೇ ಎಡಹೆಗಲ ಮೇಲಿಂದ ಹಿಂದೆ ನೋಡುತ್ತಲೇ ಇದ್ದಾರೆ. ಅವರು ನಡೆಯುವಾಗ ಹೆಂಡತಿ ಮುಂದೆ ನಡೆದು ದಾರಿ ಹೇಳುತ್ತಾರೆ.

ಹೊಳೆವ್ವ ನಮ್ಮೂರ ಖಾರದ ಗಿರಣಿಯವಳು. ಗಂಡ ಯಮನಪ್ಪ ತಕ್ಕಡಿಯ ಮುಂದೆ ಕೂತರೆ ಚೀಲ ಎತ್ತಿ ಸುರಿಯುವುದೆಲ್ಲ ಅವಳೇ. ನಲವತ್ತು ದಾಟಿದ, ಅಗಲ ಹೆಗಲಿನ, ಮಾತು ಕಡಿಮೆಯ ಹೆಂಗಸು. ಅವತ್ತು ಮಧ್ಯಾಹ್ನ ಅವಳು ಹಳೇ ಮಾಳಿಗೆಮನೆಯಲ್ಲಿ ನಡೆಯುವ ಹೊಲಿಗೆ ಕ್ಲಾಸಿನ ಟೀಚರಿಗೆ ಖಾರಪುಡಿ ಕೊಡಲು ಹೋಗಿದ್ದಳು. ಒಳಗೆ ಹತ್ತೊಂಬತ್ತು ಹೆಂಗಸರು ಮಷಿನ್ ತುಳಿಯುತ್ತಿದ್ದರು. ಆಗ ನಡುಮನೆಯ ತೊಲೆ ಗೋಡೆಯಿಂದ ಜಾರಿತು. ಬಾಗಿಲ ಕಡೆ ಮಣ್ಣು ಕುಸಿದು ದಾರಿ ಮುಚ್ಚಿತು. ತೊಲೆ ಪೂರ್ತಿ ಬಿದ್ದಿದ್ದರೆ ಮಾಳಿಗೆಯೂ ಜೊತೆಗೆ ಬರುತ್ತಿತ್ತು. ಹೊಳೆವ್ವ ಕೆಳಗೆ ನಿಂತು ಎರಡೂ ಅಂಗೈ ಕೊಟ್ಟು ಹಿಡಿದಳು.

ಹಿಂದಿನ ಕಿಟಕಿಯ ಸರಳುಗಳನ್ನು ಹೊರಗಿನಿಂದ ಕೊಯ್ಯಬೇಕಾಯಿತು. ಕೊಯ್ಯುತ್ತಿರುವಾಗ ಕಟ್ಟೆಯ ಗಂಟೆ ಒಂದು ಸಲ ಹೊಡೆಯಿತು. ಹೊರಗೆ ಸೇರಿದವರೆಲ್ಲ ರೂಢಿಯಂತೆ ಹೆಗಲು ಕೊಡವಿಕೊಂಡರು. ಒಳಗೆ ಅವಳು ಕೊಡವುವ ಹಾಗಿರಲಿಲ್ಲ. ಹತ್ತೊಂಬತ್ತು ಜನ ಒಬ್ಬೊಬ್ಬರಾಗಿ ಕಿಟಕಿಯಿಂದ ಇಳಿಯುವ ಹೊತ್ತಿಗೆ ಎರಡನೆಯದು, ಗಂಡಸರು ಅದೇ ಕಿಟಕಿಯಿಂದ ಒಳನುಗ್ಗಿ ತೊಲೆಗೆ ಕಂಬ ಕೊಡುವ ಹೊತ್ತಿಗೆ ಮೂರನೆಯದು ಆಯಿತು. ಕಂಬ ಕೊಟ್ಟ ಮೇಲೆ, "ಇನ್ನ ಬಿಡವಾ, ಸಾಕು," ಅಂದರಂತೆ. ಹೊಳೆವ್ವ, "ಬಿಡಾಕ ಬರವಲ್ದು," ಅಂದಳಂತೆ.

ನಾನು ಹೋಗುವಷ್ಟರಲ್ಲಿ ಅವಳನ್ನು ಗಿರಣಿಯ ಪಕ್ಕದ ಮನೆಗೆ ತಂದು ಜೋಳದ ಚೀಲಗಳಿಗೆ ಒರಗಿಸಿ ಕೂರಿಸಿದ್ದರು. ಎರಡೂ ಕೈ ತಲೆಯ ಮೇಲೆ, ಅಂಗೈ ಆಕಾಶ ನೋಡುತ್ತಿತ್ತು. ಕತ್ತು ಮುಂದಕ್ಕೆ ಬಾಗಿತ್ತು, ಮೊಣಕಾಲೂ ಕಟ್ಟಿತ್ತು. ಹೆಗಲ ಮೇಲೆ ಬೆರಳೂರಿ ನೋಡಿದೆ. ಸುಮ್ಮನೆ ಕೂತು ಕಟ್ಟಿದ ಮೈಗೂ ಭಾರ ಹೊತ್ತು ಕಟ್ಟಿದ ಮೈಗೂ ಬಹಳ ವ್ಯತ್ಯಾಸ. ಇದು ಹಲಗೆಯಂತಿತ್ತು.

"ಬರ್ತಾವೇನ ಕೈ ಕೆಳಗ?" ಎಂದು ಕೇಳಿದಳು ಹೊಳೆವ್ವ.

"ಬರ್ತಾವ," ಅಂದೆ. ಅನ್ನುವಾಗ ಅವಳ ಹೆಗಲ ಮೇಲಿಂದ ನನ್ನ ಬೆರಳು ತೆಗೆದುಕೊಂಡೆ.

ಯಾಕೆಂದು ಹೇಳಬೇಕು. ಹತ್ತು ವರ್ಷದ ಹಿಂದೆ ನನ್ನ ತಮ್ಮ ಭರಮಣ್ಣನ ಎಡಗೈ ಕಟ್ಟಿತ್ತು. ಅವನು ಡೊಳ್ಳು ಬಾರಿಸುತ್ತಿದ್ದ. ಮೇಳದವರ ಬಂಡಿ ಬಾಗಿಲಲ್ಲಿ ಕಾಯುತ್ತಿತ್ತು, ಒಂದು ದಿನದ ಕೆಲಸವನ್ನು ನಾನು ಒಂದೇ ಎಳೆತಕ್ಕೆ ಮುಗಿಸಲು ಹೋದೆ. ಮೆಲ್ಲಗೆ ಎಳೆದರೆ ಜಿಗಟು ಹಿಟ್ಟಿನ ಹಾಗೆ ಜೊತೆಗೆ ಬರುವ ಮಾಂಸಖಂಡ, ಜೋರಾಗಿ ಎಳೆದರೆ ಒಣಗಿದ ಹಗ್ಗದ ಹಾಗೆ ಬಿಗಿದು ನಿಲ್ಲುತ್ತದೆ. ಅತ್ತೆ ನನಗೆ ಮೊದಲ ದಿನ ಕಲಿಸಿದ ಪಾಠವೇ ಅದು. ಒಳಗೆ ಬಟ್ಟೆ ಹರಿದಂಥ ಸದ್ದಾಯಿತು. ಅಲ್ಲಿಂದ ಭರಮಣ್ಣನ ಎಡಗೈ ಎದೆಮಟ್ಟಕ್ಕಿಂತ ಮೇಲೆ ಏರಲಿಲ್ಲ. ಡೊಳ್ಳು ಬಿಟ್ಟು ಚಹದಂಗಡಿ ಇಟ್ಟ. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಆಮೇಲೆ ನಾನು ಕತ್ತು, ಬೆರಳು, ನಡು ಅಂತ ಸಣ್ಣಪುಟ್ಟದ್ದನ್ನೇ ಮಾಡಿಕೊಂಡು ಬಂದೆ. ಹೆಗಲಿನ ಕೆಲಸ ಬಂದರೆ ಪಕ್ಕದ ಊರಿನವರ ಹೆಸರು ಹೇಳುತ್ತಿದ್ದೆ. ಆದರೆ ಹೊಳೆವ್ವನನ್ನು ಆ ಸ್ಥಿತಿಯಲ್ಲಿ ಬಂಡಿಯ ಮೇಲೆ ಕಳಿಸುವಂತಿರಲಿಲ್ಲ. ದಾರಿಯ ಕುಲುಕಾಟವೇ ಅವಳನ್ನು ಹರಿದುಹಾಕುತ್ತಿತ್ತು.

ಮೊದಲ ದಿನ ಮೊಣಕಾಲು ಮತ್ತು ಕತ್ತು ಬಿಡಿಸಿದೆ. ಎರಡನೆಯ ದಿನ ಬೆಳಿಗ್ಗೆ ಕೈಯ ಕೆಲಸ ಶುರು ಮಾಡಬೇಕು ಅನ್ನುವಾಗ ಪಂಚಾಯ್ತಿ ಅಧ್ಯಕ್ಷ ಸಂಗನಬಸಪ್ಪನವರು ಬಂದರು. ಬಾಗಿಲಲ್ಲೇ ನಿಂತು ಹೊಳೆವ್ವನಿಗೆ ಕೈಮುಗಿದರು. ಅವರ ಮಗಳೂ ಆ ಹತ್ತೊಂಬತ್ತರಲ್ಲಿ ಒಬ್ಬಳು, ಮುಗಿದದ್ದು ಮನಸ್ಸಿನಿಂದಲೇ. ಆಮೇಲೆ ನನ್ನ ಕಡೆ ತಿರುಗಿ, "ಅಂಬವ್ವ, ಐದನೇ ದಿವ್ಸ ಸತ್ಕಾರ ಇಟ್ಟೇವಿ. ದೊಡ್ಡ ಸಾಹೇಬರು ಬರಾಕತ್ಯಾರ. ಅಲ್ಲೀಮಟ ಕೈ ಹಿಂಗs ಇರ್ಲಿ. ಜನಾ ನೋಡ್ಬೇಕು, ಹೆಂಗ ಹಿಡಿದಿದ್ಲು ಅಂತ," ಅಂದರು.

"ಆರು ದಿನದ ಕೆಲಸ ಐತ್ರಿ ಕಡಿಮಿ ಅಂದ್ರ. ಐದಕ್ಕ ಹತ್ತಿದ್ರ ಹನ್ನೊಂದಕ್ಕ ಮುಗೀತೈತೋ ಇಲ್ಲೋ."

"ಮುಗಸ್ತೀ. ನಿಮ್ಮ ಅತ್ತಿ ಇದ್ದಿದ್ರ ಎಳ್ಡ ದಿನದಾಗ ಮುಗಸ್ತಿದ್ಲು."

ಅತ್ತೆಯ ಹೆಸರು ಬಂದದ್ದಕ್ಕೆ ನಾನು ಕೈಯಲ್ಲಿದ್ದ ಎಣ್ಣೆಯ ಬಟ್ಟಲು ಕೆಳಗಿಟ್ಟೆ. ಹೊಳೆವ್ವ ಬಿಡಲಿಲ್ಲ. "ಸಾವಕಾರ್ರ, ನನಗ ನಿನ್ನೆಯಿಂದ ಇಂವ ಬಾಯಾಗ ತುತ್ತು ಇಡಾಕತ್ತಾನ," ಎಂದು ಗಂಡನ ಕಡೆ ಕಣ್ಣು ಹೊರಳಿಸಿದಳು. "ಅಂವಗ ತುತ್ತು ಇಡೂದು ಬರೂದಿಲ್ಲ. ಅರ್ಧ ಮೂಗಿಗೆ ಹೊಕ್ಕೈತಿ. ಐದು ದಿನ ನನ್ನ ಕಡಿಂದ ಆಗೂದಿಲ್ಲ. ಅಂಬಕ್ಕ, ಹಚ್ಚು ಕೆಲಸ."

ಯಮನಪ್ಪ ತಲೆ ತಗ್ಗಿಸಿ ನಕ್ಕ. ಅಧ್ಯಕ್ಷರು ಬೇಸರದಿಂದಲೇ ಹೋದರು. ನಾನು ಕೆಲಸ ಹಚ್ಚಿದೆ.

ಅಂಥ ಕೈಯನ್ನು ಎಳೆಯಬಾರದು. ಭಾರ ಕಟ್ಟಿ ಕಾಯಬೇಕು. ಒಂದೊಂದು ಮೊಣಕೈಗೆ ಎರಡು ಹಿಡಿ ಮರಳಿನ ಚೀಲ ಕಟ್ಟಿದೆ. ಕಟ್ಟಿದ ಕೂಡಲೇ ಕೈ ಒಂದು ಬೆರಳಿನಷ್ಟು ಇಳಿದು ನಿಂತಿತು. ಹಿಂದಿನ ಗೋಡೆಯ ಮೇಲೆ ಮೊಣಕೈಯ ಮಟ್ಟಕ್ಕೆ ಸುಣ್ಣದ ಗೆರೆ ಎಳೆದೆ. ನೋಡುತ್ತ ಕೂತರೆ ಕೈ ಅಲುಗಿದ್ದು ಕಾಣುವುದಿಲ್ಲ. ಅಡಿಗೆಮನೆಗೆ ಹೋಗಿ ಬಂದು ನೋಡಿದರೆ ಗೆರೆ ಒಂದು ಕೂದಲು ಮೇಲೆ ಉಳಿದಿರುತ್ತದೆ. ಅದೇ ಭಾರ, ಹೆಚ್ಚಿಗೆ ಒಂದು ಕಾಳು ಹಾಕಿಲ್ಲ, ಆದರೂ ಖಂಡ ಮೆಲ್ಲಗೆ ಉದ್ದವಾಗುತ್ತ ಹೋಗುತ್ತದೆ. ಸಂಜೆಯ ಹೊತ್ತಿಗೆ ಮೂರು ಬೆರಳು ಇಳಿದಿತ್ತು. ಚೀಲ ಬಿಚ್ಚಿದರೆ ಬೆಳಗಾಗುವುದರೊಳಗೆ ಒಂದು ಬೆರಳು ವಾಪಸು ಏರಿರುತ್ತಿತ್ತು. ಎರಡು ಉಳಿಯುತ್ತಿತ್ತು. ಆ ಎರಡೇ ನಮ್ಮ ಗಳಿಕೆ. ಹೊಲಿಗೆ ಕ್ಲಾಸಿನ ಹೆಂಗಸರು ಕೈ ಎತ್ತಿದಂತೆಯೇ ತೊಡಲು ಬರುವ, ಎರಡೂ ಪಕ್ಕದಲ್ಲಿ ಲಾಡಿ ಕಟ್ಟುವ ರವಿಕೆ ಹೊಲಿದು ತಂದರು. ಕೈ ಇಳಿದಂತೆಲ್ಲ ಅಳತೆ ಬದಲಾಗುತ್ತಿತ್ತು. ದಿನಕ್ಕೊಂದು ಹೊಸ ರವಿಕೆ ಬರತೊಡಗಿತು.

ಭರಮಣ್ಣ ಅಂಗಡಿ ಮುಚ್ಚಿ ಬಂದು ನನಗೆ ಉಪ್ಪು ಹುರಿದು ಗಂಟು ಕಟ್ಟಿಕೊಡುತ್ತಿದ್ದ. ಬಿಸಿಗೆ ಖಂಡ ಮೆತ್ತಗಾಗುತ್ತದೆ, ಆಗ ಕೈಯನ್ನು ಒಂದು ಮಟ್ಟಕ್ಕೆ ಒತ್ತಿ ಹಿಡಿದು ಕಾಯುತ್ತಿದ್ದೆ. ಮೊದಲು ಅದು ನನ್ನ ಅಂಗೈಯನ್ನು ಸಿಟ್ಟಿನಿಂದ ಮೇಲಕ್ಕೆ ದೂಡುತ್ತದೆ. ಹಿಡಿದೇ ಇದ್ದರೆ, ಕೈ ಅಲ್ಲೇ ಇದ್ದರೂ ದೂಡುವ ಜೋರು ಕಡಿಮೆಯಾಗುತ್ತ ಬರುತ್ತದೆ. ಜಗಳಕ್ಕೆ ನಿಂತವರು ಎದುರಿನವರು ಮಾತಾಡದಿದ್ದಾಗ ತಾವೇ ತಣ್ಣಗಾಗುವ ಹಾಗೆ. ಅದು ತಣ್ಣಗಾದ ಮೇಲೆ ಇನ್ನೊಂದು ಕೂದಲಿನಷ್ಟು ಇಳಿಸುತ್ತಿದ್ದೆ.

ಐದನೆಯ ದಿನ ಬೆಳಿಗ್ಗೆ ಮೊಣಕೈ ಕಿವಿಯ ಮಟ್ಟಕ್ಕೆ ಬಂದಿತ್ತು. ಅಧ್ಯಕ್ಷರು ಮತ್ತೆ ಬಂದರು, ಈ ಸಲ ಗರಡಿಮನೆಯ ಇಬ್ಬರು ಪೈಲ್ವಾನರನ್ನು ಕರೆದುಕೊಂಡು. ಹೊಳೆವ್ವನನ್ನು ನೋಡಿ ಅವರ ಮುಖ ಸಣ್ಣದಾಯಿತು.

"ಇದೇನು, ಪೊಲೀಸರಿಗೆ ಸಿಕ್ಕ ಕಳ್ಳರಗತೆ ಕಾಣ್ತಾಳಲ್ಲ. ಮ್ಯಾಲರ ಇರ್ಬೇಕಿತ್ತು, ಇಲ್ಲಾ ಕೆಳಗರ ಬರ್ಬೇಕಿತ್ತು. ಮೂರು ತಾಸಿನಾಗ ಸಾಹೇಬರು ಬರ್ತಾರ. ಇವರಿಬ್ರು ಒಂದೊಂದು ಕೈ ಹಿಡದು ಇಳಸ್ಲಿ."

ನಾನು ಎದ್ದು ಹೊಳೆವ್ವನ ಮುಂದೆ ನಿಂತೆ. "ಬ್ಯಾಡ್ರಿ. ಹರೀತೈತಿ."

"ನಿನಗ ಹರದದ್ದು ಗೊತ್ತಿರ್ಬೇಕಲ್ಲ," ಅಂದರು ಅವರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, ಅವಸರದಲ್ಲಿ ಬಾಯಿಂದ ಜಾರಿದ್ದು. ಅಂದ ಮೇಲೆ ಅವರಿಗೇ ನಾಚಿಕೆಯಾಯಿತು. ಆದರೆ ನಾನು ಹೊಳೆವ್ವನ ಮುಂದಿನಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿದೆ. ಇವರು ಹೇಳುವುದರಲ್ಲಿ ತಪ್ಪೇನಿದೆ, ನಾನು ಯಾವ ಬಾಯಿಂದ ಬೇಡ ಅನ್ನಲಿ ಅನ್ನಿಸಿತು.

ಒಲೆಯ ಮುಂದೆ ಉಪ್ಪು ಹುರಿಯುತ್ತಿದ್ದ ಭರಮಣ್ಣ ಸೌಟು ಇಟ್ಟು ಎದ್ದ. ಅಂಗಿಯ ಗುಂಡಿ ಬಿಚ್ಚಿ, ಎಡಹೆಗಲು ಹೊರಗೆ ಹಾಕಿ, ಪೈಲ್ವಾನರಲ್ಲಿ ದೊಡ್ಡವನ ಮುಂದೆ ಹೋಗಿ ನಿಂತ.

"ಮುಟ್ಟಿ ನೋಡಪಾ ಇಲ್ಲಿ. ಇಲ್ಲಿ ತಗ್ಗು ಬಿದ್ದೈತಲ್ಲ, ಇಲ್ಲಿದ್ದದ್ದು ಕೆಳಗ ಗಂಟಾಗಿ ಕುಂತೈತಿ. ಒಂದs ಸಲಕ್ಕ ಎಳದದ್ದು ಇದು."

ಪೈಲ್ವಾನ ಮುಟ್ಟಿದ. ಬಿಸಿ ತಗುಲಿದವನಂತೆ ಕೈ ಹಿಂದೆ ತೆಗೆದುಕೊಂಡ.

"ಇನ್ನೊಂದು ಮಾತು ಐತಿ," ಎಂದ ಭರಮಣ್ಣ. ಈಗ ಅವನು ಯಾರ ಮುಖವನ್ನೂ ನೋಡುತ್ತಿರಲಿಲ್ಲ. "ಅವತ್ತು ನಮ್ಮಕ್ಕ ಒಲ್ಲೆ ಅಂದಿದ್ಲು. ಎಳ್ಡ ಸಲ ಅಂದ್ಲು. ಬಂಡಿ ಹೋಗ್ತೈತಿ, ಎಳೀತೀಯೋ ಇಲ್ಲೋ, ಇಲ್ಲಂದ್ರ ನಾನs ಬಾಗಲಕ್ಕ ಕಟ್ಟಿ ಎಳಕೋತೀನಿ ಅಂತ ಒದರಿದಾಂವ ನಾನು. ಹತ್ತು ವರ್ಷ ಆತು, ಇದನ್ನ ಹೇಳಿಲ್ಲ. ಆಕಿ ತನ್ನದs ತಪ್ಪು ಅಂತ ತಿಳ್ಕೊಂಡಿದ್ಲು, ನಾನು ತಿಳ್ಕೊಳ್ಳಾಕ ಬಿಟ್ಟೆ."

ನನಗೆ ಆ ಮಾತುಗಳು ನೆನಪೇ ಇರಲಿಲ್ಲ. ಸದ್ದು ಮಾತ್ರ ನೆನಪಿತ್ತು. ಅದು ಅದಕ್ಕಿಂತ ಹಿಂದಿನದನ್ನೆಲ್ಲ ಅಳಿಸಿಹಾಕಿತ್ತು. ಅವನು ಹೇಳಿದ ಮೇಲೆ ಬಂಡಿಯ ಎತ್ತು, ಅವನ ಕೆಂಪು ಮುಖ, ನಾನು ಸೆರಗಿಗೆ ಕೈ ಒರೆಸಿಕೊಂಡು ಒಲ್ಲೆನೆಂದದ್ದು ಒಂದೊಂದಾಗಿ ಬಂದವು. ಎಳೆದವಳು ನಾನೇ, ಅದೇನೂ ಬದಲಾಗಲಿಲ್ಲ. ಆದರೂ ಎದೆಯ ಮೇಲಿಂದ ಯಾರೋ ಒಂದು ಚೀಲ ಮರಳು ಬಿಚ್ಚಿಕೊಂಡ ಹಾಗಾಯಿತು. ನಾನು ಅವನ ಅಂಗಿಯ ಗುಂಡಿ ಹಾಕಿದೆ. ಒಂದು ಕೈಯಿಂದ ಗುಂಡಿ ಹಾಕಿಕೊಳ್ಳಲು ಅವನಿಗೆ ಹೊತ್ತು ಹಿಡಿಯುತ್ತದೆ.

ಪೈಲ್ವಾನರು ಅಧ್ಯಕ್ಷರಿಗೆ ಹೇಳದೆಯೇ ಹೊರಟುಬಿಟ್ಟರು. ಅಧ್ಯಕ್ಷರು ಚಪ್ಪಲಿ ಮೆಟ್ಟಿಕೊಳ್ಳುತ್ತ, "ಹಂಗಾರ ಹೆಂಗ ಐತಿ ಹಂಗs ಬರ್ಲಿ," ಅಂದರು.

ಸತ್ಕಾರ ಹಾಗೇ ನಡೆಯಿತು. ಹೊಳೆವ್ವ ಎರಡೂ ಕೈ ಕಿವಿಯ ಪಕ್ಕ ಎತ್ತಿಕೊಂಡು ವೇದಿಕೆಯ ಮೇಲೆ ಕೂತಳು. ಸಾಹೇಬರು ಹೊದಿಸಿದ ಶಾಲು ಮೊಣಕೈಗೆ ಸಿಕ್ಕಿ ಡೇರೆಯಂತೆ ನಿಂತಿತು. ಹಣ್ಣಿನ ಬುಟ್ಟಿಯನ್ನು ಅವಳ ಅಂಗೈಗಳ ಮೇಲೆ ಇಟ್ಟರೆ ಚೆನ್ನಾಗಿರುತ್ತದೆಂದು ಫೋಟೋದವನು ಸೂಚಿಸಿದ. ಹೊಳೆವ್ವ ಅವನನ್ನು ನೋಡಿದ ನೋಟಕ್ಕೆ ಅವನು ಬುಟ್ಟಿಯನ್ನು ಯಮನಪ್ಪನ ತೊಡೆಯ ಮೇಲೆ ಇಟ್ಟು ಹಿಂದೆ ಸರಿದ. ಸಾಹೇಬರ ಭಾಷಣದ ನಡುವೆ ಗಂಟೆಯಾದಾಗ ಊರೆಲ್ಲ ಎದ್ದು ಕೂತಿತು. ಅವರು ಪರವೂರಿನವರು, ತಮಗೆ ಗೌರವ ಕೊಟ್ಟರೆಂದು ತಿಳಿದು ಕೈಮುಗಿದರು.

ಆಮೇಲಿನ ಮೂರು ದಿನ ಕೆಲಸ ಸರಾಗವಾಗಿ ಹೋಯಿತು. ಒಂಬತ್ತನೆಯ ದಿನ ಎಡಗೈ ಪೂರ್ತಿ ಇಳಿದು ಮಡಿಲಿಗೆ ಬಂತು. ಬಲಗೈ ಹೆಗಲಿನ ಮಟ್ಟಕ್ಕೆ ಬಂದು ನಿಂತುಬಿಟ್ಟಿತು. ತೊಲೆಯ ಭಾರ ಆ ಕಡೆಗೇ ಹೆಚ್ಚು ಬಿದ್ದಿತ್ತು. ಮರಳು ಹೆಚ್ಚಿಸಿದೆ, ಇಳಿಯಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಸುಣ್ಣದ ಗೆರೆ ಒಂದೇ ಕಡೆ ಇತ್ತು. ಯಮನಪ್ಪ ಗಿರಣಿ ನಿಲ್ಲಿಸಿ ಬಂದು ಗೋಡೆಯನ್ನು ನೋಡಿ ವಾಪಸು ಹೋದ.

ಹತ್ತನೆಯ ದಿನ ಊಟದ ಹೊತ್ತಿಗೆ ನನಗೆ ಒಂದು ವಿಷಯ ಹೊಳೆಯಿತು. ಗಂಟೆಯಾದಾಗಲೆಲ್ಲ ನಾನು ರೂಢಿಯಂತೆ ಅವಳ ಕೈ ಬಿಟ್ಟು ಎದ್ದು ಮೈ ಕೊಡವಿ ಕೂರುತ್ತಿದ್ದೆ. ಅಷ್ಟು ಸಾಕಾಗುತ್ತಿತ್ತು ಆ ಕೈಗೆ; ಗಳಿಸಿದ ಕೂದಲನ್ನು ಅದು ಅಷ್ಟರಲ್ಲಿ ವಾಪಸು ತೆಗೆದುಕೊಳ್ಳುತ್ತಿತ್ತು. ಹಿಂದಿನ ದಿನಗಳಲ್ಲಿ ಇದು ನಡೆಯಿತು, ನಾಳೆಗೆ ಹನ್ನೊಂದು ದಿನ, ಈಗ ನಡೆಯುವುದಿಲ್ಲ.

"ಹೊಳೆವ್ವ, ಇವತ್ತು ನಾ ಬಿಡೂದಿಲ್ಲ," ಅಂದೆ.

"ನಾನರ ಎಲ್ಲಿ ಹೊಂಟೇನಿ," ಅಂದಳು.

ಬಿಸಿ ಗಂಟು ಹೆಗಲಿಗೆ ಕಟ್ಟಿ, ಅವಳ ಮಂಚದ ಪಕ್ಕ ಒಂದು ಮೊಣಕಾಲೂರಿ, ಎರಡೂ ಕೈಯಿಂದ ಅವಳ ಮುಂಗೈ ಹಿಡಿದು ನನ್ನ ಮೈಭಾರ ಸ್ವಲ್ಪ ಕೊಟ್ಟೆ. ಅದು ದೂಡಿತು. ಹಿಡಿದೆ. ಮೊದಲ ಗಂಟೆಯಾಯಿತು. ಹೊರಗೆ ಓಣಿಯಲ್ಲಿ ಜನ ಎದ್ದು ಕೂತ ಸದ್ದು, ಬಳೆಗಳ ಸದ್ದು. ನಾನು ಕದಲಲಿಲ್ಲ. ದೂಡುವುದು ಕಡಿಮೆಯಾಯಿತು, ಒಂದು ಕೂದಲು ಇಳಿಸಿದೆ. ಎರಡನೆಯ ಗಂಟೆಯ ಹೊತ್ತಿಗೆ ಹೊಳೆವ್ವ ತನ್ನ ತವರಿನ ಎಮ್ಮೆಯೊಂದರ ಕಥೆ ಹೇಳುತ್ತಿದ್ದವಳು ಮಾತು ನಿಲ್ಲಿಸಿ ಕಣ್ಣು ಮುಚ್ಚಿದಳು. ನಿದ್ದೆ ಬಂದಿತ್ತು. ಹತ್ತು ದಿನದಲ್ಲಿ ಅವಳಿಗೆ ಸರಿಯಾದ ನಿದ್ದೆ ಅಂತ ಆಗಿರಲಿಲ್ಲ. ಭರಮಣ್ಣ ಸದ್ದಾಗದಂತೆ ಬಂದು ತಣ್ಣಗಾದ ಗಂಟು ತೆಗೆದು ಬಿಸಿಯದನ್ನು ಇಟ್ಟ, ನನ್ನ ಬೆನ್ನ ಕಡೆ ನೋಡಿ ಇನ್ನೊಂದಿಷ್ಟು ಉಪ್ಪು ಹುರಿಯಲು ಹೋದ.

ಮೂರನೆಯ ಗಂಟೆ ಆದ ಸ್ವಲ್ಪ ಹೊತ್ತಿಗೆ ನನ್ನ ಅಂಗೈಯ ಕೆಳಗೆ ಏನೋ ಬದಲಾಯಿತು. ಸದ್ದಿಲ್ಲ. ಹರಿದದ್ದಲ್ಲ. ಬೆಣ್ಣೆಯ ಉಂಡೆಯೊಳಗೆ ಬೆರಳು ಇಳಿದಂತೆ ಕೈ ತಾನಾಗಿ ಕೆಳಗೆ ಬರತೊಡಗಿತು. ನಾನು ಅದರ ಜೊತೆಗೇ ಇಳಿದೆ, ಮುಂದೆ ಹೋಗಲಿಲ್ಲ, ಹಿಂದೆ ಉಳಿಯಲಿಲ್ಲ. ಮೊಣಕೈ ಪಕ್ಕೆಗೆ ತಾಗಿತು. ಮುಂಗೈ ಹಾಸಿಗೆಯ ಮೇಲೆ ಬಂತು. ಬೆರಳು ಬಿಚ್ಚಿಕೊಂಡವು. ಹೊಳೆವ್ವ ನಿದ್ದೆಯಲ್ಲೇ ಉಸಿರು ಬಿಟ್ಟು ಮಗ್ಗುಲಾದಳು. ಹತ್ತು ದಿನದ ಮೇಲೆ ಮೊದಲ ಸಲ ಮಗ್ಗುಲಾದಳು. ಬಾಗಿಲಲ್ಲಿ ನಿಂತಿದ್ದ ಯಮನಪ್ಪ ಹೆಗಲ ಮೇಲಿನ ಟವೆಲು ತೆಗೆದು ಮುಖಕ್ಕೆ ಒತ್ತಿಕೊಂಡ. ಟವೆಲಿನ ತುಂಬ ಖಾರಪುಡಿ ಇತ್ತು. ಆಮೇಲೆ ಅರ್ಧ ತಾಸು ಅವನು ಬಚ್ಚಲಲ್ಲಿ ಕಣ್ಣಿಗೆ ನೀರು ಹಾಕಿಕೊಳ್ಳಬೇಕಾಯಿತು.

ಅವನ ಗಡಿಬಿಡಿಗೆ ಹೊಳೆವ್ವ ಎಚ್ಚರಾದಳು. ಬಲಗೈ ನೋಡಿದಳು. ಎತ್ತಿದಳು, ಇಳಿಸಿದಳು. ಇನ್ನೊಮ್ಮೆ ಎತ್ತಿ ಇಳಿಸಿದಳು.

"ಏಳು ಅಂಬಕ್ಕ. ಚಾ ಕುಡಿಯೂಣು."

ಏಳಲು ಹೋದೆ. ಆಗಲಿಲ್ಲ. ಒಂದು ಮೊಣಕಾಲು ನೆಲದ ಮೇಲೆ, ಬೆನ್ನು ಬಿಲ್ಲಿನಂತೆ, ಎರಡೂ ಕೈ ಯಾರದೋ ಮುಂಗೈ ಹಿಡಿದ ಹಾಗೆ ಗಾಳಿಯಲ್ಲಿ. ಇನ್ನೊಮ್ಮೆ ಪ್ರಯತ್ನಿಸಿದೆ. ಹೊಳೆವ್ವ ನನ್ನನ್ನು ನೋಡಿದಳು, ಒಲೆಯ ಮುಂದಿನಿಂದ ಭರಮಣ್ಣನೂ ನೋಡಿದ. ಮೊದಲು ನಕ್ಕವನು ಭರಮಣ್ಣ. ಆಮೇಲೆ ಹೊಳೆವ್ವ, ಬಚ್ಚಲಿನಿಂದ ಕಣ್ಣು ಕೆಂಪಾಗಿ ಬಂದ ಯಮನಪ್ಪ, ಕೊನೆಗೆ ನಾನೂ. ನಕ್ಕರೆ ಬೆನ್ನು ನೋಯುತ್ತಿತ್ತು, ನೋವಿಗೆ ಇನ್ನಷ್ಟು ನಗು ಬರುತ್ತಿತ್ತು.

"ಉಪ್ಪು ಇನ್ನೂ ಬಿಸಿ ಐತಿ," ಎಂದ ಭರಮಣ್ಣ.

ಅವರು ನನ್ನನ್ನು ಇದ್ದ ಭಂಗಿಯಲ್ಲೇ ಎತ್ತಿ ಮಂಚದ ಮೇಲೆ ಪಕ್ಕಕ್ಕೆ ಮಲಗಿಸಿದರು. ಹೊಳೆವ್ವ ಪಕ್ಕದಲ್ಲಿ ಕೂತು ತನ್ನ ಬಲಗೈಯನ್ನು ನನ್ನ ಬೆನ್ನ ಮೇಲೆ ಇಟ್ಟಳು. ಚೀಲ ಎತ್ತುವ ಕೈ ಅದು, ಈಗ ಹಸುಗೂಸಿನ ಕೈಯಷ್ಟು ಮೆತ್ತಗಿತ್ತು. ಒತ್ತಲು ಅದಕ್ಕೆ ಶಕ್ತಿ ಇರಲಿಲ್ಲ, ಸುಮ್ಮನೆ ಇತ್ತು, ತನ್ನ ಭಾರದಷ್ಟೇ ಭಾರವಾಗಿ.

"ಹೆಂಗ ಮಾಡೂದು ಹೇಳು," ಅಂದಳು.

"ಹಂಗs ಇಡು. ತಗೀಬ್ಯಾಡ," ಅಂದೆ.

ಇಪ್ಪತ್ತೆರಡು ವರ್ಷ ಊರಿನ ಮೈಯೆಲ್ಲ ಮುಟ್ಟಿದವಳು ನಾನು. ನನ್ನ ಬೆನ್ನ ಮೇಲೆ ಒಂದು ಕೈ ಅಷ್ಟು ಹೊತ್ತು ಇದ್ದದ್ದು ಅದೇ ಮೊದಲು. ಮೊದಲು ಬೆನ್ನು ಆ ಕೈಯನ್ನು ದೂಡಿತು. ಆಮೇಲೆ ದೂಡುವುದನ್ನು ಬಿಟ್ಟಿತು. ಮುಂದಿನ ಗಂಟೆ ಹೊಡೆದದ್ದು ನನಗೆ ಗೊತ್ತಾಗಲಿಲ್ಲ. ಅವರೇ ಮೂವರೂ ಸೇರಿ ನನ್ನನ್ನು ಹೊರಳಿಸಿದರಂತೆ.